ರಿಜೆಕ್ಟಮ್ಮನ ಎರಡು ಅಂಕಿ

ಸಿದ್ಧ ಉಡುಪಿನ ಆ ಕಾರ್ಖಾನೆಯಲ್ಲಿ ಅವಳಿಗೆ ರಿಜೆಕ್ಟಮ್ಮ ಅಂತ ಹೆಸರು. ಮನೆಯಲ್ಲಿ ಬೆಣ್ಣೆ. ಹುಟ್ಟಿದಾಗ ಇಟ್ಟ ಹೆಸರೊಂದು ಇದ್ದೇ ಇತ್ತು, ಆದರೆ ಅದು ಸಹಿ ಹಾಕುವಾಗ ಮಾತ್ರ ಅವಳಿಗೇ ನೆನಪಾಗುತ್ತಿತ್ತು.

ಅವಳು ಚೆಕಿಂಗ್ ಟೇಬಲ್ಲಿನವಳು. ಹೊಲಿಗೆಯ ಸಾಲು ದಾಟಿ ಬಂದ ಅಂಗಿಗಳು ಅವಳ ಮುಂದೆ ಗುಡ್ಡೆ ಬೀಳುತ್ತಿದ್ದವು. ಒಂದೊಂದನ್ನೇ ಟ್ಯೂಬ್‌ಲೈಟಿನ ಕೆಳಗೆ ಹರಡಿ, ಕಾಲರಿನ ಎರಡು ತುದಿಗಳನ್ನು ಒಂದರ ಮೇಲೊಂದು ಇಟ್ಟು ನೋಡುವಳು, ತೋಳಿನೊಳಗೆ ಕೈ ತೂರಿಸಿ ಒಳಹೊಲಿಗೆ ತಡವುವಳು, ಗುಂಡಿಗಳನ್ನು ಜಗ್ಗುವಳು. ತಪ್ಪು ಕಂಡ ಜಾಗಕ್ಕೆ ಬಾಣದ ಗುರುತಿನ ಕೆಂಪು ಸ್ಟಿಕರ್ ಅಂಟಿಸಿ ಬುಟ್ಟಿಗೆ ಎಸೆದರೆ ಮುಗಿಯಿತು, ಬ್ರಹ್ಮ ಬಂದರೂ ಅದು ವಾಪಸು ಬರುವಂತಿಲ್ಲ. ಹೊಲಿದವಳು ಅತ್ತರೂ ಅಷ್ಟೇ, ಸೂಪರ್‌ವೈಸರ್ ಕೂಗಾಡಿದರೂ ಅಷ್ಟೇ. "ದೇವರು ಮನುಷ್ಯರನ್ನ ಹೊಲಿದು ಇವಳ ಟೇಬಲ್ಲಿಗೆ ಕಳಿಸಿದ್ದಿದ್ರೆ ಭೂಮಿ ಮೇಲೆ ಒಬ್ಬರೂ ಇರ್ತಿರ್ಲಿಲ್ಲ ಕಣ್ರೇ," ಅಂತ ಟೈಲರ್ ಹೆಂಗಸರು ಆಡಿಕೊಳ್ಳುತ್ತಿದ್ದರು. ಅವಳಿಗೆ ಕೇಳಿಸುತ್ತಿತ್ತು. ಒಳಗೊಳಗೇ ಹೆಮ್ಮೆಯೂ ಆಗುತ್ತಿತ್ತು.

ಸಂಜೆ ಕನ್ನಡಕವನ್ನು ಟೇಬಲ್ಲಿನ ಡ್ರಾಯರಿನಲ್ಲಿ ಇಟ್ಟು ಬೀಗ ಹಾಕಿ ಮನೆಗೆ ಹೊರಡುವಳು. ಹತ್ತಿರದ್ದು ಕಾಣಲಿಕ್ಕೆ ಕನ್ನಡಕ ಬೇಕೇ ಬೇಕು, ಆದರೆ ಇದ್ದದ್ದು ಒಂದೇ. ಮನೆಯಲ್ಲಿ ಅಷ್ಟು ಕಣ್ಣಿಟ್ಟು ನೋಡುವಂಥದ್ದು ಏನಿದೆ ಅಂತ ಅವಳ ಅಂದಾಜು.

ಮನೆ ಅಂದರೆ ಅಣ್ಣನ ಮನೆ. ಅಪ್ಪ ಹೋದ ಮೇಲೆ ಅಣ್ಣನ ಎಲೆಕ್ಟ್ರಿಕಲ್ ಅಂಗಡಿ ನಿಲ್ಲಲಿ ಅಂತ ಇವಳ ಮದುವೆ ಮುಂದಕ್ಕೆ ಹೋಯಿತು, ತಂಗಿಯದು ಮೊದಲು ಆಗಲಿ ಅಂತ ಇನ್ನೂ ಮುಂದಕ್ಕೆ ಹೋಯಿತು, ಆಮೇಲೆ ಆ ಮಾತೇ ಹೋಯಿತು. ನಲವತ್ತಾರು ವರ್ಷದ ಹೆಂಗಸು ಈಗ ಹಿಂದಿನ ಕೋಣೆಯಲ್ಲಿ ಅಮ್ಮನ ಮಂಚದ ಪಕ್ಕ ಚಾಪೆ ಹಾಸಿ ಮಲಗುತ್ತಿದ್ದಳು. ಮೆತ್ತಗಿದ್ದವರಿಗೆ ಒಂದು ಗುದ್ದು ಹೆಚ್ಚು ಅನ್ನುತ್ತಾರಲ್ಲ, ಆ ಮನೆಯಲ್ಲಿ ಗುದ್ದನ್ನೂ ಮುದ್ದಿನ ಹೆಸರಿಟ್ಟು ಕೊಡುತ್ತಿದ್ದರು. "ನಮ್ಮ ಬೆಣ್ಣೆ ಇದ್ದಾಳಲ್ಲ," ಅನ್ನುತ್ತಿದ್ದ ಅಣ್ಣ, ಏನೇ ಕೆಲಸ ಬಂದರೂ.

ಅಮ್ಮನಿಗೆ ಲಕ್ವ ಹೊಡೆದು ಎರಡು ವರ್ಷ ಆಗಿತ್ತು. ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು. ಉಳಿದದ್ದು ಕಿವಿ, ಕಣ್ಣು, ಮತ್ತೆ ಎಡಗೈ. ಆ ಎಡಗೈಗೆ ಒಂದು ಸ್ಟೀಲ್ ಚಮಚ ಕೊಟ್ಟಿದ್ದರು. ಬಾಯಾರಿದರೆ, ಹಾಸಿಗೆ ಒದ್ದೆಯಾದರೆ, ಮಗ್ಗುಲು ಬದಲಿಸಬೇಕಾದರೆ ಅಮ್ಮ ಆ ಚಮಚದಿಂದ ಮಂಚದ ಕಬ್ಬಿಣದ ಪಟ್ಟಿಗೆ ಟಣಟಣ ಬಡಿಯುವಳು. "ಬಂದೆ ಅಮ್ಮಾ," ಅಂತ ಮಗಳು ಏಳುವಳು. ಹಗಲು ಅತ್ತಿಗೆ ಒಂದೆರಡು ಸಲ ಬಾಗಿಲಲ್ಲಿ ಇಣುಕಿ ನೀರು ಕುಡಿಸುವಳು. ಮಿಕ್ಕ ಎಲ್ಲವೂ ಕಾರ್ಖಾನೆಗೆ ಹೋಗುವ ಮುಂಚೆ ಮತ್ತು ಬಂದ ಮೇಲೆ ಬೆಣ್ಣೆಯ ಪಾಲಿಗೆ. ನಿದ್ದೆಯ ಮಧ್ಯೆ ಎಷ್ಟು ಸಲ ಏಳುತ್ತಿದ್ದಳೋ ಅವಳೇ ಲೆಕ್ಕ ಇಟ್ಟಿರಲಿಲ್ಲ.

ಇಂಥ ಸಮಯದಲ್ಲಿ ಮ್ಯಾನೇಜರ್ ಅವಳನ್ನು ಕರೆದು ಒಂದು ಮಾತು ಹೇಳಿದರು. ದೂರದ ಊರಲ್ಲಿ ಹೊಸ ಯೂನಿಟ್ ಶುರುವಾಗುತ್ತಿದೆ, ಚೆಕಿಂಗಿಗೆ ಹೆಡ್ ಬೇಕು, ಇರಲಿಕ್ಕೆ ಕೋಣೆ ಕೊಡುತ್ತಾರೆ. "ನಿಮ್ಮ ಹೆಸರು ಹೇಳಿದೀನಮ್ಮ. ಹದಿನೈದು ದಿನದೊಳಗೆ ಹೂಂ ಅಂತೀರೋ ಊಹೂಂ ಅಂತೀರೋ ಹೇಳಿಬಿಡಿ."

ಅವಳು ಕೋಣೆಗೆ ಕಿಟಕಿ ಇದೆಯಾ ಅಂತ ಕೇಳಿದಳು. ಇದೆ ಅಂದರು. ಮನೆಗೆ ನಡೆದು ಬರುವಾಗ ದಾರಿಯುದ್ದಕ್ಕೂ ಆ ಕಿಟಕಿಗೆ ಎಂಥ ಪರದೆ ಹಾಕಬೇಕು ಅನ್ನುವುದೇ ಯೋಚನೆ. ಜೀವಮಾನದಲ್ಲಿ ಅವಳು ತನಗೋಸ್ಕರ ಏನನ್ನಾದರೂ ಬಯಸಿದ್ದು ಅದೊಂದೇ, ಇದನ್ನು ನಾನು ಬರೆದು ಕೊಡಬಲ್ಲೆ.

ಅಣ್ಣನಿಗೆ ಹೇಳಿದಳು. ಅಣ್ಣ ಎಂದಿನಂತೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ. "ಭಾನುವಾರ ತಂಗಿನೂ ಬರ್ಲಿ, ಕೂತು ಮಾತಾಡೋಣ. ಅಮ್ಮನ್ನ ಸರದಿ ಮೇಲೆ ನೋಡ್ಕೊಂಡ್ರಾಯ್ತಪ್ಪ, ಅದೇನು ಬ್ರಹ್ಮವಿದ್ಯೆಯಾ?" ಅಂದ. ಅಷ್ಟೇ ಸಾಕಾಯಿತು ಅವಳಿಗೆ, ನಾಲ್ಕು ದಿನ ಹೂವಿನ ಹಾಗೆ ಓಡಾಡಿದಳು.

ಭಾನುವಾರ ತಂಗಿ ಬಂದಳು. ಹಾಸ್ಟೆಲಿನಿಂದ ಅಣ್ಣನ ಮಗಳೂ ಬಂದಿದ್ದಳು. ಅವಳು ಮನಃಶಾಸ್ತ್ರ ಓದುವ ಹುಡುಗಿ, ಬರುವಾಗ ಕಾಲೇಜಿನ ಕೆಲಸವೊಂದನ್ನು ತಂದಿದ್ದಳು: ಮನೆಯವರೆಲ್ಲರ ಸ್ವಭಾವ ಪರೀಕ್ಷೆ. ಮೊಬೈಲಿನಲ್ಲಿ ಒಂದಷ್ಟು ವಾಕ್ಯಗಳು ಬರುತ್ತವೆ, ಪ್ರತಿಯೊಂದೂ ನಮಗೆ ಎಷ್ಟು ಒಪ್ಪುತ್ತದೆ ಅಂತ ಒಂದರಿಂದ ಐದರವರೆಗೆ ಗುರುತು ಹಾಕಬೇಕು. ಸರಿ ತಪ್ಪು ಅಂತ ಏನಿಲ್ಲ, ಮನಸ್ಸಿನಲ್ಲಿ ಇದ್ದದ್ದನ್ನ ಇದ್ದ ಹಾಗೆ ಹೇಳಿ ಅಂದಳು. ಅಣ್ಣ ಅಂಗಡಿಯ ಲೆಕ್ಕ ನೋಡುವವನ ಹಾಗೆ ಮೂಲೆ ಹಿಡಿದು ತುಂಬಿದ. ತಂಗಿ ಮಹಡಿಯ ಮೆಟ್ಟಿಲ ಮೇಲೆ ಕೂತು ತುಂಬಿದಳು. ಬೆಣ್ಣೆಯ ಕನ್ನಡಕ ಕಾರ್ಖಾನೆಯ ಡ್ರಾಯರಿನಲ್ಲಿತ್ತು. ಅದೂ ಅಲ್ಲದೆ ಅವಳು ಅಮ್ಮನಿಗೆ ಉಣ್ಣಿಸುತ್ತಿದ್ದಳು. ಹುಡುಗಿ ಸ್ನಾನಕ್ಕೆ ಹೋಗಿದ್ದಾಗ, "ತಾ, ನಾನೇ ಓದಿ ಹೇಳ್ತೀನಿ," ಅಂತ ಅತ್ತಿಗೆ ಮೊಬೈಲು ಹಿಡಿದು ಅಮ್ಮನ ಕಾಲ ಹತ್ತಿರ ಕೂತಳು.

"ಯಾರಾದ್ರೂ ಪದೇ ಪದೇ ಕರೆದ್ರೆ ನನಗೆ ಸಿಟ್ಟು ಬರುತ್ತೆ. ಎಷ್ಟು ಹಾಕ್ಲಿ?"

ಅಮ್ಮ ತುತ್ತು ನುಂಗುವುದನ್ನು ನಿಲ್ಲಿಸಿ ಮಗಳ ಮುಖವನ್ನೇ ನೋಡುತ್ತಿದ್ದಳು.

"ಛೇ, ಇಲ್ಲಪ್ಪ. ಒಂದು ಹಾಕಿ ಅತ್ತಿಗೆ."

"ಬೇರೆಯವರ ಕಷ್ಟಕ್ಕಿಂತ ನನ್ನ ಸುಖ ನನಗೆ ಮುಖ್ಯ."

"ಅದಕ್ಕೂ ಒಂದೇ."

ಹೀಗೇ ಸಾಗಿತು. ಹಾಸಿಗೆ ಹಿಡಿದ ತಾಯಿಯ ಬಾಯಿಗೆ ಚಮಚ ಹಿಡಿದುಕೊಂಡು ಇನ್ನೇನು ಹೇಳುತ್ತಾರೆ ಸ್ವಾಮಿ ಯಾರಾದರೂ?

ಊಟವಾದ ಮೇಲೆ ಹುಡುಗಿ ಎಲ್ಲರ ಫಲಿತಾಂಶ ತೆಗೆದಳು. ಐದು ಗುಣ, ಐದು ಅಂಕಿ: ಹೊಸದಕ್ಕೆ ಮನಸ್ಸು ತೆರೆಯುವುದು, ಅಚ್ಚುಕಟ್ಟು, ಜನರ ಜೊತೆ ಬೆರೆಯುವುದು, ಹೊಂದಿಕೊಂಡು ಹೋಗುವ ಮೃದು ಸ್ವಭಾವ, ಚಿಂತೆ ಹಚ್ಚಿಕೊಳ್ಳುವುದು. ಅಣ್ಣನಿಗೆ ಮೃದು ಸ್ವಭಾವದಲ್ಲಿ ಮೂವತ್ತು ಬಂದಿತ್ತು.

"ಫೇಲಾ ನಾನು?" ಅಂದ ಅವನು, ಮುಖ ಸಣ್ಣದು ಮಾಡಿಕೊಂಡು.

"ಅಪ್ಪಾ, ಇದು ಮಾರ್ಕ್ಸ್ ಅಲ್ಲ. ಈ ಪರೀಕ್ಷೆ ಬರೆದ ನೂರು ಜನರನ್ನ ಕಡಿಮೆ ಇರೋರಿಂದ ಜಾಸ್ತಿ ಇರೋರ ತನಕ ಸಾಲಾಗಿ ನಿಲ್ಲಿಸಿದ್ರೆ, ಮೂವತ್ತು ಜನ ನಿಮಗಿಂತ ಹಿಂದೆ ಇರ್ತಾರೆ, ಮಿಕ್ಕವರು ಮುಂದೆ. ಸಾಲಲ್ಲಿ ನಿಮ್ಮ ಜಾಗ ಎಲ್ಲಿ ಅಂತ ಅಷ್ಟೇ. ಒಳ್ಳೇದು ಕೆಟ್ಟದ್ದು ಅಂತ ಅಲ್ಲ."

ತಂಗಿಗೆ ಇಪ್ಪತ್ತೆರಡು. ಬೆಣ್ಣೆಗೆ ತೊಂಬತ್ತೆಂಟು.

"ನೂರರಲ್ಲಿ ತೊಂಬತ್ತೆಂಟು ಜನ ಅತ್ತೆ ಹಿಂದೆ!" ಅಂದಳು ಹುಡುಗಿ ಬೆರಗಾಗಿ. ಬೆಣ್ಣೆಗೆ ನಾಚಿಕೆಯಾಯಿತು. ಟೈಲರ್ ಹೆಂಗಸರು ಈ ಅಂಕಿ ಕಂಡರೆ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ ಅಂದುಕೊಂಡಳು.

ಅಣ್ಣನ ಸಣ್ಣಗಾದ ಮುಖ ಮೆಲ್ಲಗೆ ಅರಳತೊಡಗಿತು. ವ್ಯಾಪಾರಿಯಲ್ಲವೇ, ನಷ್ಟದಲ್ಲೂ ಲಾಭ ಹುಡುಕುವ ಜಾತಿ. "ನೋಡಮ್ಮ," ಅಂತ ತಂಗಿಯ ಕಡೆ ತಿರುಗಿದ. "ನಾವು ಸರದಿ ಗಿರದಿ ಅಂತ ಮಾತಾಡ್ತಿದ್ವಿ. ನಿಂದು ಇಪ್ಪತ್ತೆರಡು, ನಂದು ಮೂವತ್ತು. ನಮ್ಮ ಕೈಗೆ ಅಮ್ಮನ್ನ ಕೊಟ್ರೆ ಅವಳ ಗತಿ ಏನು?"

"ನಾನೂ ಅದನ್ನೇ ಯೋಚಿಸ್ತಿದ್ದೆ ಅಣ್ಣ," ಅಂದಳು ತಂಗಿ. "ನನ್ನ ಸ್ವಭಾವವೇ ಒರಟು. ಮಾಡ್ತೀನಿ ಅಂತ ಹೋಗಿ ಅಮ್ಮನಿಗೆ ನೋವು ಮಾಡೋದು ಬೇಡ. ಅಕ್ಕನದು ಬಿಡಿ, ಹುಟ್ಟು ಗುಣ."

"ಅದು ಹಾಗಲ್ಲ ಅಪ್ಪ," ಅಂತ ಹುಡುಗಿ ಬಾಯಿ ಹಾಕಿದಳು. "ಇದು ಸ್ವಭಾವ ಹೇಳುತ್ತೆ, ಯಾರು ಏನು ಮಾಡ್ಬೇಕು ಅಂತ ಹೇಳಲ್ಲ."

"ನೀನು ಓದ್ಕೊಳಮ್ಮ," ಅಂದ ಅಣ್ಣ. ತೀರ್ಮಾನ ಆಗಿಹೋಗಿತ್ತು. ಬೆಣ್ಣೆ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂದುಕೊಂಡು ಪಾತ್ರೆ ತೊಳೆಯಲು ಎದ್ದಳು.

ಆ ವಾರ ಅಂಕಿ ಅವಳ ತಲೆಯಲ್ಲಿ ಗೆದ್ದಲಿನ ಹಾಗೆ ಓಡಾಡಿತು. ಹಾಸಿಗೆಯ ಒದ್ದೆ ಬಟ್ಟೆ ಎಳೆಯುವಾಗ ಅವಳ ಹಲ್ಲು ಕಚ್ಚಿಕೊಳ್ಳುತ್ತಿತ್ತು. ಅದು ತೊಂಬತ್ತೆಂಟರ ಹಲ್ಲೇ? ಟಣಟಣ ಕೇಳಿದಾಗ ಏಳದೆ ಒಂದು ಕ್ಷಣ ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದಳು. ಆ ಕ್ಷಣ ಎಷ್ಟನೆಯ ಅಂಕಿಯದು? ಇಷ್ಟು ದಿನ ಅವಳಿಗೆ ಇದ್ದದ್ದು ಬರೀ ದಣಿವು. ಈಗ ಅದರ ಮೇಲೆ ಕಳ್ಳತನ ಮಾಡಿದವಳ ಅಳುಕು ಸೇರಿಕೊಂಡಿತು.

ಶುಕ್ರವಾರ ಊಟದ ಬಿಡುವಿನಲ್ಲಿ ಹುಡುಗಿಯ ಫೋನ್ ಬಂತು. "ಅತ್ತೆ, ನಿಮ್ಮದು ಲೆಕ್ಕಕ್ಕೆ ಬರಲ್ವಂತೆ. ಬೇರೆಯವರು ಓದಿ, ಎಲ್ಲರ ಎದುರಿಗೆ ಉತ್ತರ ಹೇಳಿದ್ರೆ ಅದು ಸರಿಯಲ್ಲ ಅಂದ್ರು ನಮ್ಮ ಮೇಡಂ. ನಮ್ಮಮ್ಮ ಓದಿದ್ರು ಅಂತ ನನಗೆ ಆಮೇಲೆ ಗೊತ್ತಾಯ್ತು. ಇನ್ನೊಂದು ಸಲ ಕಳಿಸ್ತೀನಿ, ಒಬ್ಬರೇ ಕೂತು ತುಂಬಿ."

ಅವಳು ಕನ್ನಡಕ ಹಾಕಿಕೊಂಡಳು. ಸಾಲುಗಳು ಖಾಲಿ, ಮಷಿನುಗಳು ಸುಮ್ಮನಿದ್ದವು. ಟ್ಯೂಬ್‌ಲೈಟಿನ ಕೆಳಗೆ ಮೊಬೈಲು ಇಟ್ಟು, ಅಂಗಿ ನೋಡುವ ಕಣ್ಣಿನಿಂದಲೇ ತನ್ನನ್ನು ನೋಡಿಕೊಂಡಳು. ಪದೇ ಪದೇ ಕರೆದರೆ ಸಿಟ್ಟು ಬರುತ್ತದೆಯೇ? ಬರುತ್ತದೆ. ಐದು. ನನ್ನ ಸುಖ ನನಗೆ ಮುಖ್ಯವೇ? ಕಿಟಕಿ ನೆನಪಾಯಿತು. ಐದು. ಎಲ್ಲಿಯೂ ಮುಲಾಜು ನೋಡಲಿಲ್ಲ, ಕಂಡಲ್ಲೆಲ್ಲ ಸ್ಟಿಕರ್ ಅಂಟಿಸುತ್ತಾ ಹೋದಳು.

ಮೃದು ಸ್ವಭಾವ: ಹನ್ನೊಂದು.

ಅವಳು ಅಳಲಿಲ್ಲ. ಹೆದರಿಕೆಯಾಯಿತು, ನಿಜ, ಆದರೆ ಅದರ ಬೆನ್ನಿಗೇ ಎಂಥದೋ ಹಗುರ. ಎಷ್ಟೋ ವರ್ಷದ ಮೇಲೆ ಯಾರೋ ಅವಳನ್ನು ಅವಳ ಹೆಸರು ಹಿಡಿದು ಕರೆದಂತಾಯಿತು.

ಸಂಜೆ ಮನೆಗೆ ಹೋದವಳೇ ನಡುಮನೆಯಲ್ಲಿ ನಿಂತು ಮೊಬೈಲನ್ನು ಅಣ್ಣನ ಮುಂದೆ ಹಿಡಿದಳು. "ಅಣ್ಣ, ನಂದು ಹನ್ನೊಂದು. ಮೂವತ್ತಕ್ಕೆ ಮಾಫಿ ಇದ್ರೆ ಹನ್ನೊಂದಕ್ಕೂ ಇರ್ಬೇಕು. ನಾನು ಹೋಗ್ತೀನಿ."

ಅಣ್ಣ ನಕ್ಕ. "ಹುಚ್ಚಿ. ಸಿಟ್ಟಲ್ಲಿ ಏನೋ ಒತ್ತಿದೀಯ. ಹನ್ನೊಂದು ಇರೋಳು ಎರಡು ವರ್ಷ ಅಮ್ಮನ್ನ ನೋಡ್ಕೋತಾಳಾ?"

"ನೀನು ಬೆಣ್ಣೆ ಕಣೇ," ಅಂತ ಅತ್ತಿಗೆಯೂ ನಕ್ಕಳು.

ಆ ನಗು ಇಲ್ಲದಿದ್ದರೆ ಮುಂದಿನದು ಆಗುತ್ತಿರಲಿಲ್ಲ ಅಂತ ನನ್ನ ಎಣಿಕೆ. ನಾಲಿಗೆಗೆ ಎಲುಬಿಲ್ಲ, ಇಪ್ಪತ್ತು ವರ್ಷ ತಡೆದಿಟ್ಟ ನಾಲಿಗೆಗಂತೂ ಇಲ್ಲವೇ ಇಲ್ಲ. ಅವಳು ಕಿರುಚಿದಳು: "ಬೆಣ್ಣೆನೂ ಅಲ್ಲ ಸುಣ್ಣನೂ ಅಲ್ಲ! ಅಮ್ಮನ ಬಟ್ಟೆ ಬದಲಿಸುವಾಗ ನನಗೆ ಹೇಸಿಗೆ ಆಗುತ್ತೆ, ಗೊತ್ತಾ? ಆ ಚಮಚದ ಸದ್ದು ಕೇಳಿದ್ರೆ ಮೈಯೆಲ್ಲ ಉರಿಯುತ್ತೆ. ಅದು ಯಾವತ್ತು ನಿಲ್ಲುತ್ತೋ ಅಂತ ಕಾಯ್ತಾ ಇದೀನಿ ನಾನು!"

ಅಣ್ಣನ ನಗು ಇಳಿಯಿತು. "ಸರಿ, ಹೋಗು. ಒಂದು ಆಳು ಹೆಂಗಸನ್ನ ನೋಡೋಣ," ಅಂದ. ಗೆದ್ದಳು. ಅಂಥ ಗೆಲುವು ಅವಳಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಹಿಂದಿನ ಕೋಣೆಯ ಬಾಗಿಲು ಪೂರ್ತಿ ತೆರೆದೇ ಇತ್ತು ಅನ್ನುವುದು ಆ ಗೆಲುವಿನ ಗದ್ದಲದಲ್ಲಿ ಯಾರಿಗೂ ಹೊಳೆಯಲಿಲ್ಲ.

ಮರುದಿನ ಮ್ಯಾನೇಜರಿಗೆ ಹೂಂ ಅಂದಳು. ಮುಂದಿನ ತಿಂಗಳು ಹೊರಡಬೇಕು. ಪರದೆಯ ಬಟ್ಟೆ ಕೊಂಡಳು, ತಿಳಿ ಹಸಿರಿನದು. ಆ ದಿನಗಳಲ್ಲಿ ಅವಳಿಗೆ ಒಳ್ಳೆಯ ನಿದ್ದೆ ಬರತೊಡಗಿತು. ಚಮಚದ ಸದ್ದೇ ಇರಲಿಲ್ಲ.

ಚಮಚವೂ ಇರಲಿಲ್ಲ. ಕೇಳಿದರೆ ಅತ್ತಿಗೆ, "ಪಾತ್ರೆ ಜೊತೆ ತೊಳೆಯೋಕೆ ಬಂದಿರ್ಬೇಕು," ಅಂದಳು. ಬೆಣ್ಣೆಯೇ ಇನ್ನೊಂದು ಚಮಚ ತಂದು ಅಮ್ಮನ ಕೈಹತ್ತಿರ ಇಟ್ಟಳು. ಅಮ್ಮ ಅದನ್ನು ಮುಟ್ಟಲಿಲ್ಲ. ವಯಸ್ಸಾಯಿತು, ಮರೆವು ಬಂದಿರಬೇಕು ಅಂತ ಮಗಳು ಅಂದುಕೊಂಡಳು. "ಪಾಪ, ಈಗ ಏನೂ ತೊಂದರೆನೇ ಕೊಡಲ್ಲ," ಅಂತ ಅತ್ತಿಗೆ ಮೆಚ್ಚಿಕೊಂಡಳು. ಬೆಳಿಗ್ಗೆ ಎದ್ದರೆ ಹಾಸಿಗೆ ಒದ್ದೆಯಾಗಿ ತಣ್ಣಗಿರುತ್ತಿತ್ತು. ಬೆಣ್ಣೆ ಗಡಿಬಿಡಿಯಲ್ಲಿ ಬದಲಿಸಿ, ಬೆನ್ನು ಒರೆಸಿ ಓಡುತ್ತಿದ್ದಳು. ಅಮ್ಮ ಕಣ್ಣು ಮುಚ್ಚಿಕೊಂಡೇ ಇರುವಳು, ಮಗಳ ಮುಖ ನೋಡುತ್ತಿರಲಿಲ್ಲ. ಸೂಜಿಮೊನೆಯಷ್ಟು ತಪ್ಪಿಗೆ ಅಂಗಿ ಎಸೆಯುವ ಕಣ್ಣಿಗೆ ಟೊಂಕದ ಕೆಳಗಿನ ಕೆಂಪು ಕಾಣಲಿಲ್ಲ. ಆ ಕಣ್ಣು ಕಾರ್ಖಾನೆಯ ಡ್ರಾಯರಿನಲ್ಲಿತ್ತಲ್ಲ.

ವಾಸನೆ ಬಂದ ಮೇಲೆ ಗೊತ್ತಾಯಿತು. ಡಾಕ್ಟರ್ ಬಂದು ಬಟ್ಟೆ ಸರಿಸಿ ನೋಡಿ, "ಹುಣ್ಣು ಇಷ್ಟು ಆಳ ಆಗೋ ತನಕ ಏನ್ರೀ ಮಾಡ್ತಿದ್ರಿ? ಒದ್ದೆಯಲ್ಲಿ ಮಗ್ಗುಲು ಬದಲಿಸದೆ ಬಿಟ್ರೆ ಹೀಗೇ ಆಗೋದು. ಇವರು ನೋವು ಅಂತ ಒಂದು ಸಲವೂ ಸೂಚನೆ ಕೊಡ್ಲಿಲ್ವಾ?" ಅಂದರು. ಅವತ್ತಿನಿಂದ ಅವಳು ಕನ್ನಡಕ ಮನೆಗೆ ತಂದಳು, ರಜೆ ಹಾಕಿದಳು, ಕರೆಯಲಿ ಬಿಡಲಿ ಮಗ್ಗುಲು ಬದಲಿಸಿದಳು. "ಅಮ್ಮಾ, ಬಡಿಯಮ್ಮ. ಒಂದು ಸಲ ಬಡಿ. ಬರ್ತೀನಿ," ಅಂತ ಚಮಚವನ್ನು ಆ ಎಡಗೈಯಲ್ಲಿ ಇಟ್ಟು ಬೆರಳು ಮುಚ್ಚಿದಳು. ಅಮ್ಮ ಬೆರಳು ಬಿಚ್ಚಿಬಿಟ್ಟಳು. ಹುಣ್ಣಿನಿಂದ ಬಂದ ಜ್ವರ ಇಳಿಯಲೇ ಇಲ್ಲ. ಒಂದು ಮಧ್ಯಾಹ್ನ, ಮಗಳು ನೀರು ತರಲು ಅಡಿಗೆಮನೆಗೆ ಹೋಗಿದ್ದಾಗ, ಸದ್ದಿಲ್ಲದೆ ಹೋಗಿಬಿಟ್ಟಳು.

ಎಲ್ಲ ಮುಗಿದು ನೆಂಟರು ಹೊರಟ ಮೇಲೆ ಮಂಚ ತೆಗೆದು ಮಾರಬೇಕು ಅಂದ ಅಣ್ಣ. ಅವಳೂ ಅಣ್ಣನ ಮಗಳೂ ಸೇರಿ ಮಂಚವನ್ನು ಗೋಡೆಯಿಂದ ಎಳೆದರು. ಹಾಸಿಗೆಗೂ ಗೋಡೆಗೂ ನಡುವಿನ ಸಂದಿನಿಂದ ಏನೋ ಟಣ್ ಅಂತ ನೆಲಕ್ಕೆ ಬಿತ್ತು. ಹಳೆಯ ಸ್ಟೀಲ್ ಚಮಚ.

"ಓ, ಇಲ್ಲಿ ಬಿದ್ದುಬಿಟ್ಟಿತ್ತಾ," ಅಂದಳು ಹುಡುಗಿ.

ಅವಳು ಚಮಚ ಎತ್ತಿಕೊಂಡು ಖಾಲಿ ಹಾಸಿಗೆಯನ್ನು ನೋಡುತ್ತಾ ನಿಂತಳು. ಅಮ್ಮ ಮಲಗುತ್ತಿದ್ದುದು ಎಡಗೈ ಕೋಣೆಯ ಕಡೆಗೆ ಬರುವ ಹಾಗೆ. ಗೋಡೆಯ ಪಕ್ಕ ಇದ್ದದ್ದು ಸತ್ತ ಕೈ. ಎಡಗೈಯಿಂದ ಜಾರಿದ ಚಮಚ ಕೋಣೆಯೊಳಗೆ ಬೀಳಬೇಕೇ ಹೊರತು ಗೋಡೆಯ ಸಂದಿಗೆ ಹೋಗುವುದಿಲ್ಲ. ಅಲ್ಲಿಗೆ ಹೋಗಬೇಕಾದರೆ ಅಮ್ಮ ಆ ಒಂದು ಕೈಯನ್ನು ತನ್ನ ಮೈಮೇಲಿಂದ ಎಳೆದೆಳೆದು ಆ ಬದಿಗೆ ತಂದು, ಮತ್ತೆ ತನಗೇ ಎಟುಕದ ಹಾಗೆ ಅದನ್ನು ಒಳಕ್ಕೆ ನೂಕಿರಬೇಕು. ಹಾಗಂತ ಅವಳು ಹುಡುಗಿಗೆ ಹೇಳಿದಳು, ಅಂಗಿಯ ತಪ್ಪು ತೋರಿಸುವಷ್ಟೇ ನಿಧಾನವಾಗಿ. ಆಮೇಲೆ ಕೂತುಬಿಟ್ಟಳು.

ಹುಡುಗಿ ಅತ್ತಳು. "ನಾನು ಆ ಪರೀಕ್ಷೆ ತರಲೇಬಾರದಿತ್ತು ಅತ್ತೆ. ಅಷ್ಟಕ್ಕೂ ಎರಡರಲ್ಲಿ ಯಾವ ಅಂಕಿ ನಿಜ ಅಂತ ನನಗೇ ಗೊತ್ತಿಲ್ಲ."

"ಮೊದಲನೇದು ಅಮ್ಮ ಕೇಳಿಸ್ಕೋತಾಳೆ ಅಂತ ಹೇಳಿದ್ದು ಮಗೂ," ಅಂದಳು ಅವಳು. "ಎರಡನೇದು ಅಮ್ಮ ಕೇಳಿಸ್ಕೊಳ್ಳಲ್ಲ ಅಂತ ಹೇಳಿದ್ದು. ಬರೀ ದಣಿವು ಕಣೇ ಅದು. ಒಂದು ರಾತ್ರಿ ಚೆನ್ನಾಗಿ ನಿದ್ದೆ ಬಂದ್ರೆ ಇಳಿದುಹೋಗೋದು. ಅದನ್ನ ಅಮ್ಮನಿಗೆ ಯಾರು ಹೇಳ್ಬೇಕಿತ್ತು?"

ಅಣ್ಣ ಬಾಗಿಲಲ್ಲಿ ನಿಂತು ಕೆಮ್ಮಿದ. ಅತ್ತಿಗೆಗೆ ಮಂಡಿ ನೋವು, ಆಪರೇಷನ್ ಆಗಬೇಕು, ಇನ್ನು ಸ್ವಲ್ಪ ದಿನ ಇಲ್ಲೇ ಇದ್ದರೆ ಹೇಗೆ ಅಂತ ಕೇಳಿದ. ಬೆಣ್ಣೆ ಅನ್ನುವ ಪದ ಅವನ ಬಾಯಿಯವರೆಗೂ ಬಂದು ನಿಂತಿತು. ಅವಳು ಮರುವಾರ ಒಂದು ಪೆಟ್ಟಿಗೆ ಹಿಡಿದು ಬಸ್ಸು ಹತ್ತಿದಳು.

ಹೊಸ ಊರಿನ ಕೋಣೆಗೆ ಕಿಟಕಿ ಇದೆ. ತಿಳಿ ಹಸಿರು ಪರದೆಯನ್ನು ಅವಳು ಇನ್ನೂ ಪೆಟ್ಟಿಗೆಯಿಂದ ತೆಗೆದಿಲ್ಲ. ಆ ಯೂನಿಟ್ಟಿನಲ್ಲಿ ಒಂದು ಅಭ್ಯಾಸ: ಅಂಗಿಗಳ ಒಂದು ಕಟ್ಟು ಮುಗಿದು ಚೆಕಿಂಗಿನವರನ್ನು ಕರೆಯಬೇಕಾದರೆ ಟೈಲರುಗಳು ಕೂಗುವುದಿಲ್ಲ, ಮಷಿನಿನ ಗದ್ದಲದಲ್ಲಿ ಕೂಗಿದರೆ ಯಾರಿಗೆ ಕೇಳಬೇಕು, ಕತ್ತರಿಯಿಂದ ಟೇಬಲ್ಲಿನ ಕಬ್ಬಿಣದ ಅಂಚಿಗೆ ಬಡಿಯುತ್ತಾರೆ. ಮೊದಲ ದಿನ ಬೆಳಿಗ್ಗೆ ಹಿಂದಿನ ಸಾಲಿನಲ್ಲಿ ಯಾರೋ ಟಣಟಣ ಬಡಿದರು. ಹೊಸ ಹೆಡ್ ಕೈಯಲ್ಲಿದ್ದ ಅಂಗಿಯನ್ನು ಕೆಳಗೆ ಬಿಟ್ಟು, "ಬಂದೆ ಅಮ್ಮಾ," ಅಂತ ಗಟ್ಟಿಯಾಗಿ ಕೂಗುತ್ತಾ ಓಡಿದಳು. ಸಾಲಿನ ಹೆಂಗಸರೆಲ್ಲ ತಿರುಗಿ ನೋಡಿದರು. ಅಲ್ಲಿ ಅವಳ ವಿಷಯ ಯಾರಿಗೂ ಗೊತ್ತಿರಲಿಲ್ಲ, ಹಾಗಾಗಿ ನಕ್ಕರು.